ಬಿಲವಿಲ್ಲದ ಮೊಲಗಳು

ಕಳೆದ ವಾರ ಗಲ್ಫಿನ ಈ ಸನದ್ ಊರಿನಲ್ಲಿ ನಮ್ಮ ಕೋಲ್ಡ್ ಸ್ಟೋರಿನ, ಅಂದರೆ ದಿನಸಿ ಅಂಗಡಿಯ, ಎದುರು ಒಂದು ಪಿಕಪ್ ಬಂದು ನಿಂತಿತು. ಹಿಂಬದಿಯ ತುಂಬ ಹಸಿ ಮೇವಿನ ಕಟ್ಟುಗಳು. ಕುರಿಗಳಿಗೆ ಹಾಕುವ ಈ ಸೊಪ್ಪಿಗೆ ಇಲ್ಲಿನವರು ಜತ್ ಅನ್ನುತ್ತಾರೆ. ಮೇಲೆ ಹೊದಿಸಿದ್ದ ಒದ್ದೆ ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡ್ರೈವರ್ ಒಳಗೆ ಬಂದು ಒಂದು ಬಾಟಲಿ ಲಬನ್ ಮಜ್ಜಿಗೆ ಕೇಳಿದ. ಅವನ ಬೆನ್ನಿಗೇ ಆ ವಾಸನೆಯೂ ಒಳಗೆ ಬಂತು. ತಣ್ಣಗಿನ, ಹಸಿರು, ಎಲ್ಲೋ ಒಂದು ಕಡೆ ಕೊಳೆಯಲು ಶುರುವಾದ ವಾಸನೆ. ಫ್ರಿಜ್ಜಿನಲ್ಲಿ ಹಾಲಿನ ಡಬ್ಬಿ ಜೋಡಿಸುತ್ತಿದ್ದ ನನ್ನ ತೋಳಿನ ರೋಮ ನಿಮಿರಿ ನಿಂತಿತು. ಕೌಂಟರಿನ ಹಿಂದಿದ್ದ ನನ್ನ ಗಂಡ ಹನೀಫ್ ನನ್ನನ್ನೊಮ್ಮೆ ನೋಡಿದರು. ಅವರಿಗೂ ಬಡಿದಿತ್ತು. ಪಿಕಪ್ ಹೋದ ಮೇಲೂ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಬುದಯ್ಯದ ತೋಟ ಬಿಟ್ಟು ಬಂದ ಮೇಲೆ ಆ ಚಳಿಗಾಲದ ಬಗ್ಗೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ.

ಈಗ ಆ ತೋಟ ಇದ್ದಲ್ಲಿ ಸಾಲಾಗಿ ವಿಲ್ಲಾಗಳು ಎದ್ದಿವೆ. ತೋಟದ ಧಣಿ ಅಬೂ ಜಾಸಿಮರೂ ತೀರಿಕೊಂಡರು. ಬರೆದರೆ ಯಾರಿಗೂ ತೊಂದರೆಯಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾವು ಉಳ್ಳಾಲದ ಕಡೆಯ ಬ್ಯಾರಿಗಳು. ಹನೀಫ್ ಆಗ ಅಬೂ ಜಾಸಿಮರ ತೋಟ ನೋಡಿಕೊಳ್ಳುತ್ತಿದ್ದರು. ಬುದಯ್ಯದ ಸಮುದ್ರದಿಂದ ಒಳಕ್ಕೆ, ಖರ್ಜೂರದ ಮರಗಳ ನಡುವೆ ಎರಡು ಕೋಣೆಯ ಮನೆ ನಮ್ಮದು. ಬೇಸಿಗೆಯಲ್ಲಿ ಅಲ್ಲಿ ಏನೂ ಏಳುವುದಿಲ್ಲ. ಚಳಿ ಬಂತೆಂದರೆ ಲೆಟಿಸ್, ಮೂಲಂಗಿ, ಕೊತ್ತಂಬರಿ, ಟೊಮೆಟೊ, ಒಂದು ಮೂಲೆಯಲ್ಲಿ ಅಬೂ ಜಾಸಿಮರ ಕುರಿಗಳಿಗೆ ಜತ್. ಶನಿವಾರದ ಸಂತೆಗೆ ನಾವೇ ಕೊಯ್ದು ಒಯ್ಯುತ್ತಿದ್ದೆವು.

ಮದುವೆಗೆ ಮೊದಲು ನಾನು ಊರಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದವಳು. ಇಲ್ಲಿಗೆ ಬಂದ ಮೇಲೆ ನಮ್ಮವರ ಮಕ್ಕಳಿಗೆ ಫೋನಿನಲ್ಲೇ ಕನ್ನಡ ಹೇಳಿಕೊಡುತ್ತಿದ್ದೆ. ಮನೆಯಲ್ಲೂ ಇಂಗ್ಲಿಷೇ ಆಡುವ ಮಕ್ಕಳು. ರಜೆಗೆ ಊರಿಗೆ ಹೋದಾಗ ಬಸ್ಸಿನ ಬೋರ್ಡಾದರೂ ಓದಲಿ ಎಂದು ತಾಯಂದಿರಿಗೆ ಆಸೆ. ತೋಟದ ಮೂಡು ಗೋಡೆಯ ಬುಡದಲ್ಲಿ, ಬೋರೆ ಮರದ ಕೆಳಗೆ ಮಾತ್ರ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟು ಉಕ್ತಲೇಖನ ಹೇಳುತ್ತಿದ್ದೆ. ಒಂದೊಂದು ಶಬ್ದ ಎರಡೆರಡು ಸಲ, ನಿಧಾನವಾಗಿ.

ಗೋಡೆಯ ಆಚೆ, ಅದಕ್ಕೆ ತಾಗಿಕೊಂಡೇ, ಅಬೂ ಜಾಸಿಮರ ಅಕ್ಕ ಮರಿಯಮ್ ಅವರ ಹಳೆಯ ಮನೆ. ಮಕ್ಕಳಿಲ್ಲದ ವಿಧವೆ. ನಾವು ಆ ತೋಟಕ್ಕೆ ಬರುವ ಮೊದಲೇ ತೀರಿಹೋಗಿದ್ದರು. ಅಂದಿನಿಂದ ಮನೆಗೆ ಬೀಗ. ಮುದುಕಿ ಮೊಲ ಸಾಕಿದ್ದರಂತೆ. ಅವರು ಹೋದ ಮೇಲೆ ಮೊಲಗಳು ಗೂಡು ಬಿಟ್ಟು ಹೊರಬಂದು, ಮರಿ ಹಾಕಿ, ಆ ಮರಿಗಳು ಮರಿ ಹಾಕಿ, ಎಲ್ಲೆಲ್ಲೂ ತಾವೇ ಆಗಿಬಿಟ್ಟಿದ್ದವು.

ಆ ವರ್ಷ ನವೆಂಬರಿನಲ್ಲಿ ಉಳ್ಳಾಲದಲ್ಲಿ ನನ್ನ ಉಮ್ಮ, ನನ್ನ ತಾಯಿ, ತೀರಿಕೊಂಡರು. ನಮ್ಮಲ್ಲಿ ಸತ್ತವರ ಮಯ್ಯತ್ತನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ನಾನು ಇಲ್ಲಿ ಟಿಕೆಟು ಹುಡುಕುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ದಫನ್ ಮುಗಿಸಿದ್ದರು. ಇನ್ನು ಹೋಗಿ ಯಾರ ಮುಖ ನೋಡಲಿ ಎಂದು ಉಳಿದುಬಿಟ್ಟೆ. ಹನೀಫ್ ಎದುರು ಅಳಲಿಲ್ಲ. ಅವರು ಸಂತೆಗೆ ಹೋದಾಗ ಆ ಗೋಡೆಯ ಬುಡಕ್ಕೆ ಹೋಗಿ, ಕಲ್ಲಿಗೆ ತಲೆ ಆನಿಸಿ, ಉಮ್ಮನನ್ನು ಕರೆದು ಕರೆದು ಅತ್ತದ್ದುಂಟು. ಕೇಳುವವರು ಯಾರೂ ಇಲ್ಲವೆಂದೇ ಅತ್ತದ್ದು.

ಡಿಸೆಂಬರಿನಲ್ಲಿ ಮೊಲಗಳು ತೋಟಕ್ಕೆ ಇಳಿದವು. ಒಂದು ಬೆಳಗ್ಗೆ ಎದ್ದು ನೋಡಿದರೆ ಲೆಟಿಸಿನ ಎರಡು ಸಾಲು ನೆಲಸಮ. ಹನೀಫ್ ಬಿಲ ಹುಡುಕಿ ಹೊಗೆ ಹಾಕುವ ಯೋಚನೆಯಲ್ಲಿ ಗುದ್ದಲಿ ಹಿಡಿದು ತೋಟವಿಡೀ ಸುತ್ತಿದರು. ಒಂದು ಬಿಲವೂ ಇಲ್ಲ. ಅಬೂ ಜಾಸಿಮ್ ನಕ್ಕರು. ಇಲ್ಲಿ ತೋಳುದ್ದ ಅಗೆದರೆ ಹವಳದ ಬಂಡೆ, ಅದರಡಿ ಉಪ್ಪು ನೀರು, ಬಿಲ ತೋಡುವುದೆಲ್ಲಿ ಎಂದು ಅರಬಿಯೂ ಹಿಂದಿಯೂ ಕಲಸಿದ ತಮ್ಮ ಮಾತಿನಲ್ಲಿ ಕೇಳಿದರು. ನಿಜವೇ. ಅವು ನೆಲದ ಮೇಲೆಯೇ ಬದುಕುತ್ತಿದ್ದವು. ಒಣಗಿದ ಖರ್ಜೂರದ ಗರಿಗಳ ರಾಶಿಯಲ್ಲಿ, ಮುರಿದ ಸಿಮೆಂಟು ಪೈಪುಗಳಲ್ಲಿ, ಬೋರಲು ಹಾಕಿದ್ದ ಹಳೆಯ ಮರದ ದೋಣಿಯ ಅಡಿಯಲ್ಲಿ. ಬಿಳಿ, ಬೂದು, ಕಪ್ಪು ಮಚ್ಚೆಯವು. ಹಗಲಲ್ಲೂ ಹೆದರದೆ ಕೂತು ನೋಡುವವು. ಮೊಲ ಸದ್ದು ಮಾಡುವ ಪ್ರಾಣಿಯಲ್ಲ. ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸಿ ತಿರುಗಿದರೆ ಹತ್ತಿಪ್ಪತ್ತು ಕೂತಿರುತ್ತಿದ್ದವು.

ಬೇಟೆಯ ಸಲಹೆ ಬಂದದ್ದು ಮಿಸ್ಟರ್ ಕಾಲಿನ್ ಕಡೆಯಿಂದ. ಪಕ್ಕದ ಕಾಂಪೌಂಡಿನಲ್ಲಿದ್ದ ಇಂಗ್ಲೆಂಡಿನ ಮುದುಕ. ಹೆಂಡತಿ ಸತ್ತ ಮೇಲೂ ಊರಿಗೆ ಮರಳದೆ ಇಲ್ಲೇ ಉಳಿದವರು. ವಾರಕ್ಕೊಮ್ಮೆ ಸೊಪ್ಪು ಕೊಳ್ಳಲು ಬರುತ್ತಿದ್ದರು. ಅವರ ಹತ್ತಿರ ಒಂದು ಫೆರೆಟ್ ಇತ್ತು. ನೋಡಲು ನಮ್ಮ ಕೀರಿಗೆ ಹತ್ತಿರದ್ದು, ಹಾವಿನ ಹಾಗೆ ಉದ್ದ ಮೈ, ಹಾಲಿನ ಬಣ್ಣ, ಕೆಂಪು ಕಣ್ಣು. ಹೆಸರು ಡೈಸಿ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೀಗೆ ಫೆರೆಟ್ ಬಿಟ್ಟು ಮೊಲ ಹಿಡಿಯುತ್ತಿದ್ದರಂತೆ. ಫೆರೆಟ್ ನುಗ್ಗಿ ಎಬ್ಬಿಸಬೇಕು, ನಾಯಿ ಓಡಿಸಿ ಹಿಡಿಯಬೇಕು. ಬೇಸಿಗೆಯ ಶೆಖೆಗೆ ಫೆರೆಟ್ ಸತ್ತೇ ಹೋಗುತ್ತದೆ, ಮಾಡುವುದಾದರೆ ಈ ಎರಡು ಮೂರು ತಿಂಗಳಲ್ಲೇ ಎಂದರು. ನಾಯಿ ಅಬೂ ಜಾಸಿಮರ ಬಳಿ ಇತ್ತು. ರೀಮ್ ಎಂಬ ಸಲೂಕಿ, ಅರಬರ ಬೇಟೆನಾಯಿ. ಕಡ್ಡಿಯಂಥ ಕಾಲು, ರೇಷ್ಮೆಯಂಥ ಕಿವಿ. ನಾಯಿ ಮುಟ್ಟಲು ಹಿಂದೆಮುಂದೆ ನೋಡುವ ಹನೀಫ್, ಬೇಟೆನಾಯಿಗೆ ದೀನ್‌ನಲ್ಲೇ, ಧರ್ಮದಲ್ಲೇ ಅನುಮತಿ ಉಂಟು ಎಂದು ನನಗೂ ತಮಗೂ ಸಮಾಧಾನ ಹೇಳಿಕೊಂಡರು.

ಮೊದಲ ಬೇಟೆ ಒಂದು ಶುಕ್ರವಾರ ಬೆಳಗ್ಗೆ. ಇಲ್ಲಿ ಜನವರಿಯಲ್ಲಿ ಸಮುದ್ರದಿಂದ ಮಂಜು ಏಳುತ್ತದೆ. ಖರ್ಜೂರದ ಮರಗಳಿಗೆ ತಲೆಯೇ ಇರಲಿಲ್ಲ, ಬರೀ ಕಾಂಡಗಳು. ಮಿಸ್ಟರ್ ಕಾಲಿನ್ ಗರಿಯ ರಾಶಿಯ ಸುತ್ತ ಮೂರು ಕಡೆ ಬಲೆ ಕಟ್ಟಿದರು, ಒಂದು ಕಡೆ ನಾಯಿಗೆ ಬಿಟ್ಟರು. ಡೈಸಿಯ ಕೊರಳಪಟ್ಟಿಗೆ ಒಂದು ಪುಟ್ಟ ಗೆಜ್ಜೆ. ಒಳಗೆ ಅದು ಎಲ್ಲಿದೆಯೆಂದು ತಿಳಿಯಲಿಕ್ಕೆ. ಅದಕ್ಕೆ ಹೊಟ್ಟೆ ತುಂಬ ಹಾಕಬಾರದು, ಪೂರ್ತಿ ಹಸಿಸಲೂಬಾರದು. ಹಸಿದರೆ ಒಳಗೇ ಕೊಂದು, ತಿಂದು, ಅಲ್ಲೇ ಮಲಗಿಬಿಡುತ್ತದೆ ಎಂದು ವಿವರಿಸಿದರು. ಪೆಟ್ಟಿಗೆ ತೆರೆದದ್ದೇ ಅದು ನೀರಿನ ಹಾಗೆ ರಾಶಿಯೊಳಗೆ ಹರಿದುಹೋಯಿತು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಗೆಜ್ಜೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ರೀಮ್ ಒಂದು ಮುಂಗಾಲು ಎತ್ತಿ ಕಲ್ಲಾಯಿತು. ಹಾಗೆ ನಿಂತರೆ ಒಳಗೆ ಮೊಲ ಇದೆ ಎಂದೇ ಅರ್ಥ. ಆಮೇಲೆ ರಾಶಿಯೇ ಒಡೆದ ಹಾಗೆ ಮೊಲಗಳು ಚಿಮ್ಮಿದವು. ರೀಮ್ ಮಂಜಿನೊಳಗೆ ಹೋದದ್ದು ಕಾಣಲಿಲ್ಲ, ಮರಳಿ ಬಾಯಲ್ಲಿ ಹಿಡಿದು ತಂದದ್ದು ಮಾತ್ರ ಕಂಡಿತು. ಹನೀಫ್ ದೇವರ ಹೆಸರಿನ ಬಿಸ್ಮಿ ಹೇಳಿ ಕತ್ತಿ ಹಾಕಿದರು. ಅಂದು ತೆಂಗಿನಕಾಯಿ ಹುರಿದು ಮೊಲದ ಸುಕ್ಕ ಮಾಡಿದೆ.

ಎರಡನೆಯ ಶುಕ್ರವಾರ ದೋಣಿಯ ಅಡಿ, ಮೂರನೆಯದಕ್ಕೆ ಪೈಪುಗಳು. ಹಿಡಿದಷ್ಟು ಹಿಡಿದೆವು. ಆದರೆ ಮಿಸ್ಟರ್ ಕಾಲಿನ್ ಹುಬ್ಬು ಗಂಟಿಕ್ಕುತ್ತಿದ್ದರು. ಬಿಲವಿಲ್ಲದ ಮೊಲ ದಿಕ್ಕಾಪಾಲಾಗಿ ಓಡಬೇಕು, ಅದರ ಸ್ವಭಾವವೇ ಅದು. ಇವು ಹಾಗೆ ಓಡುತ್ತಿಲ್ಲ. ತಪ್ಪಿಸಿಕೊಂಡವೆಲ್ಲ ಒಂದೇ ದಿಕ್ಕಿಗೆ, ಮುದುಕಿಯ ಮನೆಯ ಕಡೆಗೇ ಹೋಗುತ್ತಿವೆ. ಮಕ್ಕಳು ಮನೆಗೆ ಓಡುವ ಹಾಗೆ ಎಂದರು.

ಆಗಲೇ ಒಂದೊಂದಾಗಿ ಇನ್ನೂ ಕೆಲವು ವಿಚಿತ್ರಗಳು ಕಣ್ಣಿಗೆ ಬೀಳತೊಡಗಿದವು. ಹನೀಫ್ ಒಂದು ಬೆಳಗ್ಗೆ ಲೆಟಿಸಿನ ಬುಡವೊಂದನ್ನು ಕಿತ್ತು ತಂದು ನನ್ನ ಮುಂದೆ ಹಿಡಿದರು.

“ಇದು ಮೊಲ ಕಡಿದದ್ದಲ್ಲ ಮೈಮುನಾ. ಕತ್ತಿಯಲ್ಲಿ ಕೊಯ್ದ ಹಾಗೆ ಉಂಟು, ನೋಡು.”

ನೋಡಿದೆ. ಬುಡ ಸಪಾಟಾಗಿತ್ತು. ಮೂಲಂಗಿ ಕಿತ್ತ ಗುಳಿಗಳನ್ನು ಯಾರೋ ಮಣ್ಣು ಎಳೆದು ಮುಚ್ಚಿದ್ದರು. ಜತ್‌ನ ಪಾತಿಯಲ್ಲಿ ದಿನಕ್ಕೊಂದು ಹಿಡಿ ಕಡಿಮೆಯಾಗುತ್ತಿತ್ತು.

ಅದೇ ವಾರ ನಾನು ಬೋರೆ ಹಣ್ಣಿಗೆಂದು ಏಣಿ ಹತ್ತಿದವಳು ಗೋಡೆಯ ಆಚೆ ನೋಡಿದೆ. ಸಂಜೆಮುಂದಿನ ಅಸರ್ ನಮಾಜಿನ ಬಾಂಗ್ ಆಗಷ್ಟೇ ಮುಗಿದಿತ್ತು. ಮನೆಯ ಹಿಂಬಾಗಿಲಿನ ಮುಂದಿನ ಅಂಗಳ ತುಂಬ ಮೊಲಗಳು. ಮೇಯುತ್ತಿಲ್ಲ, ಆಡುತ್ತಿಲ್ಲ. ಎಲ್ಲವೂ ಬಾಗಿಲಿಗೆ ಮುಖ ಮಾಡಿ, ಕಿವಿ ಹಿಂದಕ್ಕೆ ಮಡಚಿ, ಸಾಲುಸಾಲಾಗಿ ಕೂತಿದ್ದವು. ಯಾರನ್ನೋ ಕಾಯುವ ಹಾಗೆ. ಮೂರು ದಿನ ಅದೇ ಹೊತ್ತಿಗೆ ಏಣಿ ಹತ್ತಿದೆ. ಮೂರು ದಿನವೂ ಹಾಗೇ. ಅಬೂ ಜಾಸಿಮರಿಗೆ ಹೇಳಿದಾಗ ಅವರ ಕೈಯ ಜಪಮಣಿ ನಿಂತಿತು. ಅಕ್ಕ ಅಸರ್ ನಮಾಜು ಮುಗಿಸಿ ಮೊಲಗಳಿಗೆ ಹಾಕುತ್ತಿದ್ದಳು, ಆಕೆ ಹೋಗಿ ಎರಡು ವರ್ಷ ದಾಟಿತು ಎಂದರು. ಹಾಕುವವರು ಇಲ್ಲದಿದ್ದರೆ ಪ್ರಾಣಿ ಎರಡು ವರ್ಷ ಕಾಯುತ್ತದೆಯೇ ಎಂದು ನಾನು ಕೇಳಲಿಲ್ಲ. ಬೀಗ ಹಾಕಿದ ಮೇಲೆ ಆ ಮನೆಯೊಳಗೆ ಅಬೂ ಜಾಸಿಮ್ ಕಾಲಿಟ್ಟದ್ದೇ ಇಲ್ಲವೆಂದು ಆಮೇಲೆ ಹನೀಫ್ ಹೇಳಿದರು. ಅಕ್ಕನಿಗೂ ತಮ್ಮನಿಗೂ ಕೊನೆಗಾಲದಲ್ಲಿ ಮಾತು ಬಿಟ್ಟಿತ್ತಂತೆ.

ಮನೆಯ ಕಡೆ ಬೇಟೆ ಬೇಡವೆಂದೇ ಅಬೂ ಜಾಸಿಮ್ ಹೇಳುತ್ತಿದ್ದರು. ಆದರೆ ಹೊರಗಿನ ರಾಶಿಗಳೆಲ್ಲ ಬರಿದಾಗಿ, ಉಳಿದ ಮೊಲಗಳೆಲ್ಲ ಅಲ್ಲಿಯೇ ಸೇರಿಕೊಂಡು, ಸಂತೆಗೆ ಒಯ್ಯಲು ಒಂದು ಬುಟ್ಟಿ ಸೊಪ್ಪೂ ಉಳಿಯದಾದಾಗ ಒಪ್ಪಿದರು. ಫೆಬ್ರವರಿಯ ಒಂದು ಬೆಳಗ್ಗೆ ಎಲ್ಲರೂ ಹೋದೆವು. ಅಂದೂ ಮಂಜು. ಮೂಡುಗಡೆಯ ಗೋಡೆಯಲ್ಲೊಂದು ಚಿಕ್ಕ ಗೇಟು, ಅದಕ್ಕೆ ತುಕ್ಕು ಹಿಡಿದ ತಂತಿ. ಮನೆಯ ಕಿಟಕಿಗಳಿಗೆಲ್ಲ ಒಳಗಿನಿಂದ ಕಾಗದ ಅಂಟಿಸಿತ್ತು. ಹಿಂಬಾಗಿಲಿನ ಕೆಳಗಿನ ಹಲಗೆ ಒಡೆದಿತ್ತು. ಮೊಲಗಳು ನಮ್ಮನ್ನು ಕಂಡದ್ದೇ ಒಂದರ ಹಿಂದೆ ಒಂದು ಆ ಕಂಡಿಯಿಂದ ಒಳಗೆ ಹೋದವು. ಗಡಿಬಿಡಿಯಿಲ್ಲದೆ.

ಮಿಸ್ಟರ್ ಕಾಲಿನ್ ಡೈಸಿಯನ್ನು ಬಿಟ್ಟರು. ಗೆಜ್ಜೆ ಒಳಗೊಳಗೆ ದೂರವಾಯಿತು. ಒಂದು ಮೊಲವೂ ಹೊರಗೆ ಬರಲಿಲ್ಲ. ರೀಮ್ ಬಾಗಿಲಿನ ಹತ್ತಿರ ನಿಲ್ಲಲಿಲ್ಲ. ಗೋಡೆ ಮೂಸುತ್ತ ಸುತ್ತು ಬಂದು ಒಂದು ಕಿಟಕಿಯ ಕೆಳಗೆ ನಿಂತು ಮುಂಗಾಲೆತ್ತಿತು. ಆಮೇಲೆ ಕಾಲು ಕೆಳಗಿಟ್ಟು ಬಾಲ ಆಡಿಸಿತು. ಮೊಲಕ್ಕೆ ಈ ನಾಯಿ ಬಾಲ ಆಡಿಸುವುದಿಲ್ಲ ಎಂದು ಅಬೂ ಜಾಸಿಮ್ ತಗ್ಗಿದ ಸ್ವರದಲ್ಲಿ ಅಂದರು.

ಗೆಜ್ಜೆಯ ಸದ್ದು ಒಂದು ಕಡೆ ನಿಂತಿತು. ಆಮೇಲೆ ಪೂರ್ತಿ ನಿಂತೇ ಹೋಯಿತು. ನಾವು ಕಾದೆವು. ಮಂಜು ಕರಗಿ ಬಿಸಿಲು ಬಂದ ಮೇಲೆ ಡೈಸಿ ಕಂಡಿಯಿಂದ ಹೊರಬಂತು, ನಿಧಾನಕ್ಕೆ, ಆಕಳಿಸುತ್ತ. ಕೊರಳಪಟ್ಟಿ ಇರಲಿಲ್ಲ. ಮಿಸ್ಟರ್ ಕಾಲಿನ್ ಅದನ್ನೆತ್ತಿ ಹಿಡಿದರು. ಮೂತಿಯಲ್ಲಿ ರಕ್ತವಿಲ್ಲ, ಮೈಯಲ್ಲಿ ಧೂಳಿಲ್ಲ. ನನ್ನ ಮೂಗಿನ ಹತ್ತಿರ ತಂದರು. ಬಟ್ಟೆ ಸಾಬೂನಿನ ವಾಸನೆ. ಪಟ್ಟಿಯ ಬಕಲು ತಾನಾಗಿ ಬಿಚ್ಚುವಂಥದ್ದಲ್ಲ, ಅದಕ್ಕೆ ಎರಡು ಕೈ ಬೇಕು ಎಂದರು.

ಅಬೂ ಜಾಸಿಮ್ ನಾಯಿಯನ್ನು ಎಳೆದುಕೊಂಡು, ಏನೋ ಓದಿಕೊಳ್ಳುತ್ತ ಹೊರಟುಹೋದರು. ಜಿನ್ನ್ ಇರುವ ಮನೆಗಳ ಮಾತು ಹನೀಫ್‌ಗೂ ಗೊತ್ತಿತ್ತು. ಅವರು ನಮ್ಮ ಮನೆಯ ನಾಲ್ಕು ಮೂಲೆಗೂ ರಕ್ಷೆಗೆಂದು ಆಯತ್ತುಲ್ ಕುರ್ಸಿ ಓದಿ ಊದಿದರು. ಮರುದಿನ ಬಾಗಿಲು ಒಡೆಸುವುದೆಂದು ಆಮೇಲೆ ಫೋನಿನಲ್ಲಿ ತೀರ್ಮಾನವಾಯಿತು.

ಅಂದು ಸಂಜೆ ನನಗೆ ಪಾಠವಿತ್ತು. ತಪ್ಪಿಸಬಹುದಿತ್ತು, ಆದರೆ ಮನೆಯೊಳಗೆ ಕೂರಲು ಇನ್ನೂ ಭಯವಾಯಿತು. ಹಿಂದಿನ ಎರಡು ಮೂರು ವಾರಗಳಿಂದ ಒಬ್ಬಳು ಹುಡುಗಿ ತಕರಾರು ಮಾಡುತ್ತಿದ್ದಳು. “ಟೀಚರ್, ನಿಮ್ಮ ವಾಯ್ಸ್ ಡಬಲ್ ಬರ್ತಾ ಇದೆ” ಅನ್ನುತ್ತಿದ್ದಳು. ಗೋಡೆಯ ಪ್ರತಿಧ್ವನಿ ಎಂದು ಕುರ್ಚಿ ಸರಿಸಿದ್ದೆ. ಅಂದು ಪ್ರಾಣಿಗಳ ಹೆಸರುಗಳ ಉಕ್ತಲೇಖನ. ಆನೆ ಎಂದೆ. ಕರಡಿ ಎಂದೆ. ಪ್ರತಿ ಶಬ್ದದ ಹಿಂದೆ ಒಂದು ಉಸಿರಿನಂಥ ಸ್ವರ ಬರುತ್ತಿತ್ತು. ಹಸು ಎಂದೆ.

“ಅಸು” ಎಂದಿತು ಗೋಡೆ.

ಪ್ರತಿಧ್ವನಿ ಉಚ್ಚಾರ ತಪ್ಪುವುದಿಲ್ಲ. ಶಾಲೆಯಲ್ಲಿ ಎಷ್ಟು ಮಕ್ಕಳ ನಾಲಗೆ ತಿದ್ದಿದವಳು ನಾನು. ಇದು ಘಟ್ಟದ ಮೇಲಿನ ನಾಲಗೆ, ಹಕಾರ ಬಾರದ ನಾಲಗೆ. ಅರಬಿ ಮುದುಕಿಯ ಬೀಗ ಹಾಕಿದ ಮನೆಯೊಳಗಿಂದ. ಮಕ್ಕಳಿಗೆ ನೆಟ್‌ವರ್ಕ್ ಇಲ್ಲವೆಂದು ಹೇಳಿ ಫೋನು ಇಟ್ಟೆ. ಗೋಡೆಗೆ ಕಿವಿ ಕೊಟ್ಟೆ. ಆ ಕಡೆಯೂ ಯಾರೋ ಉಸಿರು ಹಿಡಿದಿದ್ದರು ಅನಿಸಿತು.

ಹನೀಫ್‌ಗೆ ಹೇಳಿದೆ. ಜಿನ್ನ್ ಯಾವ ಭಾಷೆಯನ್ನಾದರೂ ಆಡಬಹುದು ಎಂದರು. ಲೆಟಿಸನ್ನು ಕತ್ತಿಯಲ್ಲಿ ಕೊಯ್ದು ತಿನ್ನುವ ಜಿನ್ನ್ ಇಲ್ಲ ಎಂದೆ.

ಬೆಳಗ್ಗೆ ಬಾಗಿಲು ಒಡೆಯುವ ಮೊದಲು ನನಗೊಂದು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಮೂವರು ಗಂಡಸರು ಹಿಂದೆ ನಿಂತರು. ರೀಮ್ ಎಳೆದಾಡುತ್ತಿತ್ತು. ನಾನು ಒಡೆದ ಹಲಗೆಯ ಹತ್ತಿರ ಮೊಣಕಾಲೂರಿದೆ. ಒಳಗಿನಿಂದ ಒದ್ದೆ ಜತ್‌ನ ವಾಸನೆ, ಮೊಲದ ಮೂತ್ರದ ವಾಸನೆ, ಅದರಡಿ ಎಲ್ಲೋ ಹಳೆಯ ಲೋಬಾನದ್ದು.

“ಒಳಗೆ ಯಾರಿದ್ದೀರಿ?” ಎಂದು ಕನ್ನಡದಲ್ಲಿ ಕೇಳಿದೆ. “ನಾನು ಟೀಚರ್.”

ಆಮೇಲೆ, ನಾನು ಅಂದುಕೊಂಡದ್ದಕ್ಕಿಂತ ತೀರಾ ಹತ್ತಿರದಲ್ಲಿ, ಬಾಗಿಲಿನ ಆ ಬದಿಯಲ್ಲೇ, ಒಂದು ಹೆಣ್ಣು ಸ್ವರ.

“ಮೊದ್ಲು ನಾಯಿ ಹಿಡ್ಕಳಿ ಅಕ್ಕಾ.”

ಚಿಲಕ ಒಳಗಿನಿಂದಲೇ ಸರಿಯಿತು. ನಾನೊಬ್ಬಳೇ ಒಳಗೆ ಹೋದೆ. ಕತ್ತಲೆಗೆ ಕಣ್ಣು ಹೊಂದಿದಾಗ ಮೊದಲು ಕಂಡದ್ದು ಗೋಡೆಗಳ ಬುಡದಲ್ಲಿ ಎರಡೂ ಕಡೆ ಸಾಲಾಗಿ ಕೂತ ಮೊಲಗಳು. ಆಮೇಲೆ ಗೋಡೆಗಳು. ನನ್ನ ಎದೆಯ ಎತ್ತರದವರೆಗೂ ಇದ್ದಿಲಿನಲ್ಲಿ ಬರೆದ ಕನ್ನಡ. ಬಸವ, ಕಮಲ, ಕನ್ನಡಿ. ಸಮುದ್ರದಲ್ಲಿ ದೋಣಿ ಇದೆ. ಅಜ್ಜಿಯ ಮನೆ ದೂರ. ನನ್ನದೇ ಉಕ್ತಲೇಖನಗಳು, ತಿಂಗಳುಗಟ್ಟಲೆಯವು, ನಾನು ಹೇಳಿದ ಕ್ರಮದಲ್ಲೇ. ಕೊನೆಯ ಸಾಲಿನಲ್ಲಿ ಆನೆ, ಕರಡಿ, ಅಸು. ಅಲ್ಲಿಗೆ ನಿಂತಿತ್ತು. ನಾನು ಫೋನು ಇಟ್ಟದ್ದು ಅಲ್ಲಿಗೇ.

ಅವಳು ಗೋಡೆ ಹಿಡಿದು ನಿಂತಿದ್ದಳು. ಮೂವತ್ತೈದರ ಆಸುಪಾಸು, ಮೈಯಲ್ಲಿ ಮುದುಕಿಯ ಹಳೆಯ ನಿಲುವಂಗಿ. ಒಂದು ಪಾದ ಊದಿ ಕಪ್ಪಾಗಿತ್ತು. ಮೊಳೆ ಚುಚ್ಚಿದ್ದಂತೆ. ಹೆಸರು ನಾಗರತ್ನ, ಪಾವಗಡದ ಕಡೆಯ ಹಳ್ಳಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮರೆತ ಅಕ್ಷರ ನಿಮ್ಮಿಂದ ಬಂತು ಎಂದಳು. ಮನೆಗೆಲಸಕ್ಕೆಂದು ಈ ದೇಶಕ್ಕೆ ಬಂದಿದ್ದಳು. ಆ ಮನೆಯ ವಿಚಾರವನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ನನ್ನ ಕೋಣೆಗೆ ಚಿಲಕ ಇರಲಿಲ್ಲ ಅಂದಳು. ಪಾಸ್‌ಪೋರ್ಟ್ ಅವರ ಬಳಿಯೇ ಬಿಟ್ಟು ಓಡಿಬಂದವಳಿಗೆ ಕಾಗದವಿಲ್ಲ, ಊರಿಲ್ಲ. ಇಲ್ಲಿ ಅಂಥವರಿಗೆ ‘ಖಲ್ಲಿವಲ್ಲಿ’ ಅನ್ನುತ್ತೇವೆ. ಹೇಗಾದರೂ ಹೋಗಲಿ, ಯಾರಿಗೇನು ಎಂಬ ಅರ್ಥದ ಅರಬಿ ಮಾತು, ಮನುಷ್ಯರ ಹೆಸರೇ ಆಗಿಬಿಟ್ಟಿದೆ.

ಮಿಸ್ಟರ್ ಕಾಲಿನ್ ಒಳಗೆ ಬಂದು ಟೋಪಿ ತೆಗೆದರು. ನಾಗರತ್ನ ಕೊರಳಪಟ್ಟಿಯನ್ನು ಅವರ ಕೈಗಿಟ್ಟಳು. ಗೆಜ್ಜೆ ಸದ್ದು ಮಾಡಿದರೆ ತಾನಿರುವುದು ತಿಳಿದೀತೆಂದು ಬಿಚ್ಚಿದ್ದಂತೆ. ಆ ಬಿಳಿ ಪ್ರಾಣಿ ತೊಡೆಯ ಮೇಲೆ ಸುರುಳಿಯಾಗಿ ಮಲಗಿತು, ಎಬ್ಬಿಸಲು ಮನಸ್ಸಾಗಲಿಲ್ಲ ಎಂದಳು. ಮುದುಕರು ಆ ಮೇಲೆ ಎಂದೂ ಬೇಟೆಯ ಮಾತೆತ್ತಲಿಲ್ಲ.

ಅಬೂ ಜಾಸಿಮ್ ಹೊಸ್ತಿಲ ಹೊರಗೇ ನಿಂತಿದ್ದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ತನ್ನ ಮನೆಯೊಳಗೆ ಇವಳನ್ನು ಬಿಟ್ಟವರು ಯಾರು, ಕೇಳು ಎಂದರು. ನಾನು ಕೇಳಿದೆ. ಅವಳು ಹೇಳಿದ್ದನ್ನು ತುಂಡುತುಂಡಾಗಿ ಹಿಂದಿಗೆ ತಿರುಗಿಸಿ ಅವರಿಗೆ ಹೇಳಿದೆ.

ಓಡಿಬಂದ ದಿನ ಅವಳು ಖರ್ಜೂರದ ಮರಗಳ ನಡುವೆ ಕೂತಿದ್ದಳಂತೆ. ಅಸರ್ ಹೊತ್ತಿಗೆ ಈ ಮನೆಯ ಹಿಂಬಾಗಿಲು ತೆರೆದು ಒಬ್ಬಳು ಇಥಿಯೋಪಿಯಾದ ಹೆಂಗಸು ಮೊಲಗಳಿಗೆ ಸೊಪ್ಪು ಹಾಕಲು ಬಂದವಳು ಇವಳನ್ನು ಕಂಡು ಕೈ ಮಾಡಿ ಕರೆದಳು. ಅವಳೂ ಓಡಿಬಂದವಳೇ. ಅವಳು ಬಂದಾಗ ಮುದುಕಿ ಬದುಕಿದ್ದರು. ಬಾಗಿಲು ತೆರೆದದ್ದು ಮುದುಕಿಯೇ. ಅವಳಿಗಿಂತ ಮೊದಲೂ ಬೇರೆಬೇರೆ ದೇಶದ ಹೆಂಗಸರು ಇಲ್ಲಿ ಇದ್ದು ಹೋಗಿದ್ದರಂತೆ. ಮುದುಕಿ ತೀರಿಕೊಂಡ ಮೇಲೂ ಆ ಇಥಿಯೋಪಿಯಾದವಳು ಸದ್ದಿಲ್ಲದೆ ಉಳಿದಳು. ತನ್ನ ದೇಶದವರು ಬಂದು ಕರೆದೊಯ್ಯುವ ಮುನ್ನ ನಾಗರತ್ನಳಿಗೆ ಒಂದೇ ಪಾಠ ಹೇಳಿಕೊಟ್ಟಳು. ಮೊಲಗಳನ್ನು ಬಿಡಬೇಡ. ಒಳಗೆ ಏನು ಸದ್ದಾದರೂ ಹೊರಗಿನವರು ಮೊಲ ಅಂದುಕೊಳ್ಳುತ್ತಾರೆ.

ಅಬೂ ಜಾಸಿಮ್ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಕ್ಕನಿಗೆ ಮೊಲದ ಹುಚ್ಚು ಹಿಡಿದಿದೆ ಎಂದು ಇಡೀ ಮನೆತನವೇ ನಗುತ್ತಿತ್ತಂತೆ. ವಾರಕ್ಕೊಂದು ಮೂಟೆ ಖುಬ್ಬೂಸ್ ರೊಟ್ಟಿ, ಅಕ್ಕಿ, ಬೇಳೆ ತರಿಸುತ್ತಿದ್ದಳು. ಇಷ್ಟೆಲ್ಲ ಯಾರಿಗೆ ಎಂದರೆ ಮೊಲಗಳಿಗೆ ಅನ್ನುತ್ತಿದ್ದಳು. ಇದೇ ಜಗಳದಲ್ಲಿ ಅವರು ಮಾತು ಬಿಟ್ಟದ್ದು.

“ಮೊಲ ಬೇಳೆ ತಿನ್ನುತ್ತದೆಯೇ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ” ಎಂದರು. ನನಗೋ ಹನೀಫ್‌ಗೋ ಹೇಳಿದ್ದಲ್ಲ ಅದು.

ಎದ್ದು ಹೋಗುವಾಗ ಬಾಗಿಲಿಗೆ ಹೊಸ ಬೀಗ ಹಾಕಿಸಿ ಎಂದು ಹನೀಫ್‌ಗೆ ಹೇಳಿದರು. ಒಡೆದ ಹಲಗೆಗೂ ತಗಡು ಬಡಿಯಬೇಕು, ಮುಂದೆ ಯಾರೂ ಒಳಗೆ ಬರಬಾರದು. ಪೊಲೀಸರಿಗೆ ಮಾತ್ರ ಫೋನು ಮಾಡಲಿಲ್ಲ. ಮರುದಿನ ಅವರೇ ಒಬ್ಬ ಡಾಕ್ಟರನ್ನು ಕರೆತಂದರು. ನಾಗರತ್ನಳ ಪಾಸ್‌ಪೋರ್ಟಿಗಾಗಿ ಅವಳು ಕೆಲಸಕ್ಕಿದ್ದ ಮನೆಯವರ ಮಜ್ಲಿಸಿನಲ್ಲಿ, ಗಂಡಸರು ಕೂರುವ ಪಡಸಾಲೆಯಲ್ಲಿ, ಹಲವು ಸಂಜೆ ಹೋಗಿ ಕೂತರು. ಅಲ್ಲಿ ಏನು ಮಾತಾಯಿತೆಂದು ಕೊನೆಯವರೆಗೂ ಹೇಳಲಿಲ್ಲ.

ಕಾಗದ ಸರಿಯಾಗುವವರೆಗೆ ನಾಗರತ್ನ ನಮ್ಮಲ್ಲಿದ್ದಳು. ಆ ವಾರಗಳು ಸುಲಭವಾಗಿರಲಿಲ್ಲ. ಮಂಚ ಕೊಟ್ಟರೆ ಗೋಡೆಯ ಮೂಲೆಗೆ ಒತ್ತಿಕೊಂಡು ನೆಲದಲ್ಲೇ ಮಲಗುವಳು. ನಡೆದರೆ ಹೆಜ್ಜೆಯ ಸದ್ದೇ ಇಲ್ಲ. ಅಡುಗೆಮನೆಯಲ್ಲಿ ತಿರುಗಿದರೆ 'ಇಲ್ಲೇ ಇದೀನಿ' ಎಂಬಂತೆ ನಿಂತಿರುವಳು, ಎಷ್ಟೋ ಸಲ ನನ್ನ ಕೈಯ ಪಾತ್ರೆ ಬಿದ್ದದ್ದುಂಟು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ನನ್ನ ವಿಚಾರ ಗೊತ್ತಿತ್ತು. ಯಾವ ಮಗು ಒತ್ತಕ್ಷರ ತಪ್ಪುತ್ತದೆ, ಊರಿನಿಂದ ಫೋನು ಮಾಡುವ ನನ್ನ ತಮ್ಮನಿಗೆ ಯಾವಾಗ ಸಿಟ್ಟು ಬರುತ್ತದೆ, ನಾನು ಒಬ್ಬಳೇ ಇದ್ದಾಗ ಗುನುಗುವ ಹಾಡು. ಒಂದು ದಿನ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಕೇಳಿದಳು.

“ನಿಮ್ಮಮ್ಮಂಗೆ ನೀವು ಉಮ್ಮ ಅಂತೀರಲ್ವಾ ಅಕ್ಕ?”

ಹೌದೆಂದು ತಲೆಯಾಡಿಸಿದೆ.

“ನೀವು ಅಳುವಾಗ ನಾನೂ ಗೋಡೆಗೆ ಆತ್ಕೊಂಡು ಕೂತಿರ್ತಿದ್ದೆ. ಮಾತಾಡ್ಸಕ್ಕೆ ಬಾಯಿಗೆ ಬಂದಿರದು. ಹೆದ್ರಿಕೊಂಡ್ಬಿಡ್ತೀರಿ ಅಂತ ಸುಮ್ನಾದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಯಾರೂ ಇಲ್ಲದ ಜಾಗವೆಂದು ನಾನು ಉಮ್ಮನಿಗೆ ಹೇಳಿಕೊಂಡದ್ದನ್ನೆಲ್ಲ ಒಬ್ಬಳು ಪರದೇಶಿ ಕೇಳಿಸಿಕೊಂಡಿದ್ದಳು. ಎದ್ದು ಹೊರಗೆ ಹೋದೆ. ಖರ್ಜೂರದ ಮರಗಳ ನಡುವೆ ಸುಮ್ಮನೆ ತಿರುಗಿದೆ. ದಫನಿನ ದಿನ ಉಮ್ಮನ ಹತ್ತಿರ ಊರೆಲ್ಲ ಇತ್ತು. ನನ್ನ ಹತ್ತಿರ ಯಾರೂ ಇರಲಿಲ್ಲವೆಂಬ ನೋವು ನನ್ನೊಳಗೆ ಗಟ್ಟಿಯಾಗಿ ಕೂತಿತ್ತು. ಇದ್ದಳು, ಒಂದು ಗೇಣು ಕಲ್ಲಿನ ಆಚೆ. ಮರಳಿ ಬಂದಾಗ ಅವಳು ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದ್ದಳು. ಅಂದು ಉಮ್ಮನ ಕಥೆಯನ್ನು ಮೊದಲಿನಿಂದ, ಅಳದೆ, ಅವಳಿಗೆ ಹೇಳಿದೆ.

ಏಪ್ರಿಲಿನಲ್ಲಿ ಅವಳು ಊರಿಗೆ ಹೋದಳು. ಏರ್‌ಪೋರ್ಟಿಗೆ ಹೊರಟಾಗ ನಾನು ಕೊಟ್ಟ ಚೂಡಿದಾರದಲ್ಲಿ ಬೇರೆಯವಳ ಹಾಗೆ ಕಂಡಳು. ಕಾರಿನಲ್ಲಿ ಕೂತ ಮೇಲೆ ಕಿಟಕಿ ಇಳಿಸಿ, ನನ್ನ ಹೆಸರು ಬರೆಯುವಾಗ ಮೈ ಎಂಬಲ್ಲಿ ಐತ್ವ ಸರಿಯೇ ಎಂದು ಕೇಳಿದಳು. ಸರಿ ಎಂದೆ. ಊರು ಮುಟ್ಟಿದ್ದೇನೆಂದು ಅಣ್ಣನ ಫೋನಿನಿಂದ ಒಮ್ಮೆ ಮಾತಾಡಿದಳು. ಆಮೇಲೆ ಆ ನಂಬರು ಸಿಗಲಿಲ್ಲ.

ಮುದುಕಿಯ ಮನೆಗೆ ಬೀಗ ಬಿದ್ದಿತ್ತಷ್ಟೆ. ತಂಪಾದ ನೆಲವಿಲ್ಲ, ನೀರಿನ ಬೋಗುಣಿಯಿಲ್ಲ. ಮೇ ತಿಂಗಳ ಬಿಸಿಲು ಬಂತು. ನೆಲದಡಿ ಹೋಗಲಾರದ ಪ್ರಾಣಿಗಳಿಗೆ ಆ ಬಿಸಿಲಿನಲ್ಲಿ ಅಡಗಲು ಎಲ್ಲಿ ಜಾಗ? ನಾನು ಬೋರೆ ಮರದಡಿ ನೀರಿಟ್ಟೆ, ಬಂದವು ಕೆಲವೇ. ಕೆಲವನ್ನು ಮಿಸ್ಟರ್ ಕಾಲಿನ್ ಬಲೆ ಹಾಕಿ ಜೀವಂತ ಹಿಡಿದು ಪರಿಚಯದವರಿಗೆ ಕೊಟ್ಟರು. ಉಳಿದವು ಮುಚ್ಚಿದ ಬಾಗಿಲಿನ ಮುಂದೆಯೇ ಸತ್ತವು. ಹನೀಫ್ ಒಂದೊಂದನ್ನೇ ಎತ್ತಿ ಹೂಳಿದರು. ಬಂಡೆ ಬರುವವರೆಗೆ ಅಗೆದರೂ ಗುಂಡಿ ಮೊಣಕಾಲಿನಷ್ಟೂ ಆಳವಾಗುತ್ತಿರಲಿಲ್ಲ. ಜುಲೈ ಬರುವಷ್ಟರಲ್ಲಿ ತೋಟದಲ್ಲಿ ಒಂದು ಮೊಲವೂ ಉಳಿದಿರಲಿಲ್ಲ.

ಶೆಖೆ ಇಳಿಯುವ ಹೊತ್ತಿಗೆ ಹನೀಫ್ ಸನದ್‌ನಲ್ಲಿ ಈ ಅಂಗಡಿ ನೋಡಿದ್ದರು. ತೋಟ ಬಿಡುವ ಮಾತನ್ನು ಅಬೂ ಜಾಸಿಮರಿಗೆ ಹೇಳಬೇಕಿತ್ತು. ಒಂದು ಮಧ್ಯಾಹ್ನ ಅವರ ಪಿಕಪ್ ಗೋಡೆಯ ಆಚೆಗೆ ಹೋಗಿ ನಿಂತದ್ದು ಕಂಡು ನಾವಿಬ್ಬರೂ ಆ ಚಿಕ್ಕ ಗೇಟಿನಿಂದ ಹೋದೆವು. ಹಿಂಬಾಗಿಲಿನ ಬೀಗ ಇರಲಿಲ್ಲ. ತಗಡನ್ನು ಕಿತ್ತು ಗೋಡೆಗೆ ಒರಗಿಸಿತ್ತು. ಅಂಗಳ ಗುಡಿಸಿತ್ತು. ಅಬೂ ಜಾಸಿಮ್ ಪಿಕಪ್ಪಿನಿಂದ ಒಂದು ಮೂಟೆ ಇಳಿಸಲು ಏದುಸಿರು ಬಿಡುತ್ತಿದ್ದರು. ಇನ್ನೊಂದು ಮೂಟೆಯ ಬಾಯಿಯಿಂದ ಖುಬ್ಬೂಸ್ ಕಾಣುತ್ತಿತ್ತು. ಒಳಗೆಲ್ಲೋ ಒಂದು ಪಾತ್ರೆ ನೆಲಕ್ಕೆ ತಾಗಿದ ಸದ್ದಾಯಿತು. ಯಾರೋ ತಟ್ಟನೆ ಅದನ್ನು ಹಿಡಿದು ನಿಲ್ಲಿಸಿದರು.

ಅಬೂ ಜಾಸಿಮ್ ನಮ್ಮತ್ತ ನೋಡಿದರು. ನಾವು ಏನೂ ಕೇಳಿರಲಿಲ್ಲ.

“ಮೊಲಗಳಿಗೆ” ಎಂದರು.

ಹನೀಫ್ ಮುಂದೆ ಹೋಗಿ ಮೂಟೆಯ ಇನ್ನೊಂದು ತುದಿ ಹಿಡಿದರು.